ಟೀವಿ ತೋರಿಸದ ಅಂಚು

ತಾರೀಕು ಹನ್ನೆರಡು, ಮಂಗಳವಾರ

ಕ್ಯಾಮೆರಾ ಸಾಹೇಬರಿಗೆ ಇಂಜಿನಿಯರಮ್ಮನ ನಮಸ್ಕಾರಗಳು.

ಈ ಕೈಬರಹ ಕಂಡೊಡನೆ ಯಾರಿಗೋ ಏನೋ ಆಗಿದೆ ಎಂದು ನಿಮ್ಮ ಎದೆ ಧಸಕ್ ಎಂದಿರುತ್ತದೆ. ಯಾರಿಗೂ ಏನೂ ಆಗಿಲ್ಲ. ಮಗಳು ಚೆನ್ನಾಗಿದ್ದಾಳೆ, ಕನ್ನಡಕದ ಅಂಗಡಿಯಲ್ಲಿ ಊರಿನವರ ಕಣ್ಣಿಗೆಲ್ಲ ನಂಬರು ಹಾಕುತ್ತಿದ್ದಾಳೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀವು ಮನೆ ಬಿಟ್ಟ ಈ ಇಪ್ಪತ್ತೈದು ವರ್ಷದಲ್ಲಿ ನಾನು ನಿಮಗೆ ಬರೆದದ್ದು ಎರಡೇ ಪತ್ರ. ಒಂದು, ಮಗಳ ಕಾಲೇಜಿನ ಅರ್ಜಿಗೆ ನಿಮ್ಮ ಸಹಿ ಬೇಕು ಎಂದು. ಇನ್ನೊಂದು, ಹಾಕಿದ ಸಹಿ ತಪ್ಪು ಜಾಗದಲ್ಲಿದೆ ಎಂದು. ಇದು ಮೂರನೆಯದು, ಸ್ವಲ್ಪ ಉದ್ದವಿದೆ. ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಸಲು ಯಾರಾದರೂ ಗದ್ದ ಎತ್ತಿಕೊಂಡು ಕೂತಿದ್ದರೆ ಪಾಪ ಅವರನ್ನು ಮೊದಲು ಕಳುಹಿಸಿ, ಆಮೇಲೆ ಓದಿ.

ನಿಮ್ಮಿಂದ ಒಂದು ಒಪ್ಪಿಗೆ ಬೇಕು, ಒಂದು ಪ್ರಶ್ನೆಗೆ ಉತ್ತರ ಬೇಕು. ಒಪ್ಪಿಗೆಯ ವಿಷಯ ಮೊದಲು ಹೇಳುತ್ತೇನೆ. ನಮ್ಮ ಟೀವಿ ಕೇಂದ್ರಕ್ಕೆ ಐವತ್ತು ವರ್ಷ ತುಂಬಿತು. ಮುಂದಿನ ವಾರದ ಶುಕ್ರವಾರ ಸಂಜೆ ಅದರ ವಿಶೇಷ ಕಾರ್ಯಕ್ರಮ. ಅದರಲ್ಲಿ ಎಂಟು ನಿಮಿಷ ‘ನಮ್ಮ ಎಡವಟ್ಟುಗಳು’ ಎಂಬ ಭಾಗವಿದೆ. ಸುದ್ದಿ ಓದುವವರು ಸೀನಿದ್ದು, ಹವಾಮಾನದ ನಕ್ಷೆ ತಲೆಕೆಳಗಾದದ್ದು, ಇಂಥವೇ. ಕೊನೆಯದಾಗಿ, ಮುಕುಟಮಣಿ ಎಂಬಂತೆ, ನಿಮ್ಮ ಆ ಮೂರು ಸೆಕೆಂಡು. ನೇರಪ್ರಸಾರದ ಸಂದರ್ಶನದಲ್ಲಿ ಮಂತ್ರಿಗಳು ಗಂಭೀರವಾಗಿ ಮಾತಾಡುತ್ತಿರುವಾಗಲೇ ಅವರ ತಲೆ ಪರದೆಯಿಂದ ಕೆಳಗೆ ಜಾರಿ, ಸ್ಟುಡಿಯೋದ ಸೂರು ಕಾಣಿಸಿತಲ್ಲ, ಅದು. ಅದರ ಮೇಲೆ ನಿಮ್ಮ ಹೆಸರು, ಹೆಸರಿನ ಕೆಳಗೆ ‘ತೂಕಡಿಸಿದ ಕ್ಯಾಮೆರಾಮನ್’ ಎಂಬ ಬಿರುದು, ಹಿನ್ನೆಲೆಯಲ್ಲಿ ಗೊರಕೆಯ ಸದ್ದು.

ಆ ಟೇಪು ನನ್ನ ಕೈಯಿಂದಲೇ ಹೋಗಬೇಕು. ನಿವೃತ್ತಿಗೆ ಇನ್ನು ಏಳು ವಾರ ಇರುವವರನ್ನು ಎಲ್ಲಿಡುತ್ತಾರೋ ನನ್ನನ್ನೂ ಅಲ್ಲೇ ಇಟ್ಟಿದ್ದಾರೆ, ಹಳೆ ಟೇಪುಗಳ ಕೋಣೆಯಲ್ಲಿ. ಕಿಟಕಿಯಿಲ್ಲದ ಕೋಣೆ, ನಾಲ್ಕು ಗೋಡೆಗೂ ಕಬ್ಬಿಣದ ಕಪಾಟು, ಮಧ್ಯೆ ಇನ್ನೂ ಉಸಿರಾಡುತ್ತಿರುವ ಒಂದು ಟೇಪ್ ಯಂತ್ರ, ಅದರ ಪಕ್ಕ ಒಂದು ಕಂಪ್ಯೂಟರು. ಟೇಪನ್ನು ಓಡಿಸಿ, ಅದರಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿ, ಅಂಟು ಬಿಟ್ಟ ಟೇಪನ್ನು ಬೈದು ಮತ್ತೆ ಡಬ್ಬಿಗೆ ಹಾಕುವುದು ನನ್ನ ಕೆಲಸ.

ಕಳೆದ ಶನಿವಾರ ಮಗಳು ನನ್ನ ಹೊಸ ಕನ್ನಡಕ ತಲುಪಿಸಲು ಅಲ್ಲಿಗೆ ಬಂದಳು. ಮೂಗಿನ ಮೇಲೆ ಅದನ್ನು ಎಡಕ್ಕೆ ಬಲಕ್ಕೆ ಸರಿಪಡಿಸಿ, ದೂರದ್ದು ನೋಡು, ಹತ್ತಿರದ್ದು ನೋಡು ಎಂದು ಪರೀಕ್ಷೆ ಮಾಡುತ್ತಿದ್ದವಳು ಕಂಪ್ಯೂಟರಿನಲ್ಲಿ ಓಡುತ್ತಿದ್ದ ನಿಮ್ಮ ಮೂರು ಸೆಕೆಂಡನ್ನು ನೋಡಿಬಿಟ್ಟಳು. ಇದೇನಾ ಅಪ್ಪನ ಫೇಮಸ್ಸು ಟೇಪು ಎಂದು ಕುರ್ಚಿ ಎಳೆದುಕೊಂಡು ಕೂತಳು. ನಕ್ಕಳು ಕೂಡ, ಸುಳ್ಳು ಹೇಳುವುದಿಲ್ಲ. ಎರಡನೆಯ ಸಲ ಓಡಿಸಿದಾಗ ನಗಲಿಲ್ಲ. ಪರದೆಯ ಬಲ ಅಂಚಿಗೆ ಬೆರಳಿಟ್ಟು, “ಅಮ್ಮಾ, ಇಲ್ಲೇನೋ ಬಂದು ಹೋಯ್ತಲ್ಲ?” ಎಂದಳು.

ಕಣ್ಣಿನ ಕೆಲಸದವಳು ನೋಡಿ, ಅವಳ ಕಣ್ಣಿಗೆ ಮಣ್ಣೆರಚುವುದು ಕಷ್ಟ. ಆದರೆ ಬಂದು ಹೋದದ್ದು ಏನು ಎಂದು ಅವಳಿಗೆ ತೋರಿಸಬೇಕಾದರೆ ಟೀವಿ ಎಂಬುದು ಚಿತ್ರವನ್ನು ಹೇಗೆ ತೋರಿಸುತ್ತದೆ ಎಂದು ಮೊದಲಿನಿಂದ ಹೇಳಬೇಕಾಯಿತು. ನಿಮಗೂ ಅದನ್ನೇ ಹೇಳುತ್ತೇನೆ. ಹದಿನಾರು ವರ್ಷ ಕ್ಯಾಮೆರಾದ ಹಿಂದೆ ನಿಂತರೂ ನಿಮಗೆ ಇದು ತಲೆಗೆ ಹತ್ತಲಿಲ್ಲ ಎಂಬುದು ನನಗೆ ಗೊತ್ತು. ನೀವು ಮೊದಲ ಸಲ ನನ್ನನ್ನು ಮಾತಾಡಿಸಿದ್ದೇ ಈ ವಿಷಯಕ್ಕೆ. ಕ್ಯಾಂಟೀನಿನಲ್ಲಿ ಕಾಫಿ ಲೋಟ ಹಿಡಿದು ಬಂದು, “ರೀ ಇಂಜಿನಿಯರಮ್ಮ, ನಾನು ಹಿಡಿಯೋ ಚಿತ್ರ ಟೀವಿ ಒಳಗೆ ಎಲ್ಲಿರುತ್ತೆ?” ಎಂದಿರಿ. ಎಲ್ಲೂ ಇರಲ್ಲ ಎಂದೆ. ಗೇಲಿ ಮಾಡಿದಳು ಎಂದುಕೊಂಡು ಮೂರು ದಿನ ಮುಖ ಊದಿಸಿಕೊಂಡು ಓಡಾಡಿದಿರಿ.

ಗೇಲಿಯಲ್ಲ, ನಿಜವನ್ನೇ ಹೇಳಿದ್ದೆ. ಆ ಹಳೆಯ ಗಾಜಿನ ಟೀವಿಯಲ್ಲಿ ಪೂರ್ತಿ ಚಿತ್ರ ಎಂಬುದು ಯಾವ ಗಳಿಗೆಯಲ್ಲೂ ಇರುತ್ತಿರಲಿಲ್ಲ. ಇದ್ದದ್ದು ಓಡುವ ಒಂದು ಬೆಳಕಿನ ಚುಕ್ಕೆ. ಅದು ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯುತ್ತದೆ, ಛಂಗನೆ ಎಡಕ್ಕೆ ಹಾರಿ ಇನ್ನೊಂದು ಗೆರೆ ಎಳೆಯುತ್ತದೆ. ಹಾಗೆ ಆರುನೂರ ಇಪ್ಪತ್ತೈದು ಗೆರೆ. ಅದರಲ್ಲೂ ಐವತ್ತರಷ್ಟು ಗೆರೆ ಚಿತ್ರಕ್ಕೆ ದಕ್ಕುವುದಿಲ್ಲ, ಚುಕ್ಕೆ ಕೆಳಗಿನಿಂದ ಮತ್ತೆ ಮೇಲಕ್ಕೆ ಹೋಗುವಷ್ಟರಲ್ಲಿ ಕಳೆದುಹೋಗುತ್ತವೆ. ಸೆಕೆಂಡಿಗೆ ಇಂಥ ಇಪ್ಪತ್ತೈದು ಚಿತ್ರ. ಆದರೆ ಇಪ್ಪತ್ತೈದೇ ಸಲ ಬೆಳಗಿದರೆ ಪರದೆ ಪಟಪಟ ಮಿಟುಕುತ್ತದೆ, ನೋಡುವವರಿಗೆ ತಲೆನೋವು. ಅದಕ್ಕೆ ಹಿರಿಯರು ಒಂದು ಉಪಾಯ ಮಾಡಿದರು. ಮೊದಲು ಒಂದು, ಮೂರು, ಐದು ಎಂದು ಬೆಸ ಗೆರೆಗಳನ್ನು ಎಳೆದು ಮುಗಿಸುವುದು, ಮತ್ತೆ ಮೇಲೆ ಬಂದು ಎರಡು, ನಾಲ್ಕು, ಆರು ಎಂದು ಬಿಟ್ಟದ್ದನ್ನು ತುಂಬುವುದು. ಒಂದು ಸಾಲು ಬಿಟ್ಟು ಒಂದು ಸಾಲು ಅಂಗಳ ಗುಡಿಸಿ, ಮತ್ತೆ ಬಂದು ಬಿಟ್ಟ ಸಾಲು ಗುಡಿಸಿದ ಹಾಗೆ. ಈ ಅರ್ಧರ್ಧ ಚಿತ್ರಕ್ಕೆ ಫೀಲ್ಡ್ ಎನ್ನುತ್ತೇವೆ. ಸೆಕೆಂಡಿಗೆ ಐವತ್ತು ಫೀಲ್ಡ್. ಐವತ್ತೇ ಯಾಕೆ ಎಂದರೆ ನಮ್ಮಲ್ಲಿ ಮನೆಗೆ ಬರುವ ಕರೆಂಟೂ ಸೆಕೆಂಡಿಗೆ ಐವತ್ತು ಸಲ ತೂಗುತ್ತದೆ, ಅದರ ತಾಳಕ್ಕೆ ಇದನ್ನು ಹೊಂದಿಸಿದರು. ಕರೆಂಟು ಅರವತ್ತು ಸಲ ತೂಗುವ ದೇಶಗಳಲ್ಲಿ ಫೀಲ್ಡೂ ಅರವತ್ತು, ಗೆರೆ ಮಾತ್ರ ಐನೂರ ಇಪ್ಪತ್ತೈದಕ್ಕೆ ಇಳಿಯಿತು. ಅಲ್ಲಿಯ ಟೇಪು ಇಲ್ಲಿ ಓಡದೆ ನಾವು ಒದ್ದಾಡುತ್ತಿದ್ದದ್ದು ನೆನಪಿದೆಯೇ?

ಮಗಳಿಗೆ ಇದು ಬಹಳ ಹಿಡಿಸಿತು. ಹಾಗಾದರೆ ಚಿತ್ರ ಇರುವುದು ಟೀವಿಯಲ್ಲಲ್ಲ, ನೋಡುವವರ ಕಣ್ಣಲ್ಲಿ ಎಂದಳು. ಕಂಡದ್ದನ್ನು ಕಣ್ಣು ಒಂದು ಚಣ ಬಿಡದೆ ಹಿಡಿದುಕೊಳ್ಳುತ್ತದಂತೆ, ಅದಿಲ್ಲದಿದ್ದರೆ ನಿಮ್ಮ ಕೇಂದ್ರವೇ ಇರುತ್ತಿರಲಿಲ್ಲ ಎಂದು ನನಗೇ ಪಾಠ ಮಾಡಿದಳು. ಆಮೇಲೆ ತಾನೇ ತಡೆದು ಕೇಳಿದಳು. ಹಾಗಿದ್ದರೆ ಒಂದು ಚಿತ್ರ ಎಂದು ನಾವು ನೋಡುತ್ತಿರುವುದರಲ್ಲಿ ಬೇರೆ ಬೇರೆ ಹೊತ್ತಿನ ಎರಡು ಅರ್ಧಗಳು ಇವೆಯಲ್ಲವೇ, ಬೇರೆ ಬೇರೆಯಾಗಿ ನೋಡಬಹುದೇ? ನೋಡಬಹುದು. ಈಗಿನ ಪರದೆಯಲ್ಲಿ ಓಡುವ ಚುಕ್ಕೆ ಇಲ್ಲ, ಲಕ್ಷಗಟ್ಟಲೆ ಸಣ್ಣ ದೀಪಗಳು ಒಟ್ಟಿಗೆ ಉರಿಯುತ್ತವೆ. ಹಾಗಾಗಿ ಕಂಪ್ಯೂಟರು ಎರಡು ಫೀಲ್ಡನ್ನೂ ಹೆಣೆದು ಒಂದೇ ಚಿತ್ರ ಮಾಡಿ ತೋರಿಸುತ್ತದೆ. ನಿಂತ ವಸ್ತುವಿಗೆ ತೊಂದರೆಯಿಲ್ಲ, ಚಲಿಸುವ ವಸ್ತುವಿನ ಅಂಚು ಮಾತ್ರ ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ಅವಳ ಕಣ್ಣಿಗೆ ಬಿದ್ದದ್ದು ಆ ಹಲ್ಲುಗಳೇ. ನಾನು ಹೆಣಿಗೆ ಬಿಚ್ಚಿ, ಒಂದೊಂದೇ ಫೀಲ್ಡನ್ನು ನಿಲ್ಲಿಸಿ ನಿಲ್ಲಿಸಿ ಮುಂದಕ್ಕೆ ಸರಿಸಿದೆ.

ಮೊದಲ ಫೀಲ್ಡಿನಲ್ಲಿ ಬಲ ಅಂಚಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಒಂದು ಕಪ್ಪು ಕಂಬ ಓರೆಯಾಗಿ ಒಳಗೆ ಬರುತ್ತದೆ. ಅದು ದೀಪದ ಸ್ಟ್ಯಾಂಡು. ಮೂರು, ನಾಲ್ಕು, ಐದರಲ್ಲಿ ಅದು ಇನ್ನೂ ಬಾಗುತ್ತದೆ. ಕೆಳಗಿನ ಮೂಲೆಯಲ್ಲಿ ಹಳದಿ ಬಣ್ಣದ ಏನೋ ಒಂದು. ಅದರ ಆಕಾರ ಚಿಕ್ಕದು, ಬಣ್ಣ ಮಾತ್ರ ಆಕಾರ ಮೀರಿ ಆಚೆ ಹರಡಿದೆ. ಹಳೆ ಟೇಪಿನ ಗುಣವೇ ಅದು. ಕಪ್ಪುಬಿಳುಪಿನ ವಿವರವನ್ನು ಪೂರ್ತಿ ಕಳಿಸಿ, ಬಣ್ಣವನ್ನು ಮಾತ್ರ ಕಡಿಮೆ ವಿವರದಲ್ಲಿ ಮೇಲೆ ಬಳಿಯುತ್ತಿದ್ದೆವು, ಏಕೆಂದರೆ ಕಣ್ಣು ಬಣ್ಣದ ವಿಷಯದಲ್ಲಿ ಅಷ್ಟು ಚುರುಕಲ್ಲ. ಬಣ್ಣವನ್ನು ಬದಿಗಿಟ್ಟು ಬರೀ ಕಪ್ಪುಬಿಳುಪಿನಲ್ಲಿ ನೋಡಿದೆ. ಆಗ ತಿಳಿಯಾಯಿತು. ಪುಟ್ಟ ಫ್ರಾಕಿನ ಅಂಚು, ಅದರ ಕೆಳಗೆ ಒಂದು ಪುಟ್ಟ ಮಂಡಿ. ಆರನೆಯ ಫೀಲ್ಡಿನಲ್ಲಿ ಒಂದು ಕೈ ಬರುತ್ತದೆ. ಮಣಿಕಟ್ಟಿನಲ್ಲಿ ಗಡಿಯಾರ ಒಳಮುಖವಾಗಿ ಕಟ್ಟಿದೆ. ಹಾಗೆ ಕಟ್ಟುವವರು ನಮ್ಮ ಕೇಂದ್ರದಲ್ಲಿ ಒಬ್ಬರೇ ಇದ್ದದ್ದು. ಆ ಕೈ ಸ್ಟ್ಯಾಂಡಿನ ಕೊರಳನ್ನು ಹಿಡಿದಿದೆ. ಹನ್ನೊಂದನೆಯ ಫೀಲ್ಡಿನ ಹೊತ್ತಿಗೆ ಒಡೆಯನಿಲ್ಲದ ಕ್ಯಾಮೆರಾ ಎಡಕ್ಕೆ ತಿರುಗಿ ಮೇಲಕ್ಕೆ ವಾಲಲು ಶುರುಮಾಡುತ್ತದೆ. ಆಮೇಲಿನದು ಇಡೀ ಊರಿಗೆ ಗೊತ್ತಿರುವ ಸೂರು.

ಹನ್ನೊಂದು ಫೀಲ್ಡು ಎಂದರೆ ಸೆಕೆಂಡಿನ ಕಾಲು ಭಾಗಕ್ಕೂ ಕಡಿಮೆ. ಅಷ್ಟರಲ್ಲಿ ನೀವು ಕ್ಯಾಮೆರಾದ ಹಿಡಿಕೆ ಬಿಟ್ಟು ಮುಂದೆ ಹಾರಿದ್ದೀರಿ. ಆ ದೀಪ ಎಷ್ಟು ಸುಡುತ್ತಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅದು ಬೀಳುತ್ತಿದ್ದದ್ದು ಐದು ವರ್ಷದ ಮಗುವಿನ ತಲೆಯ ಮೇಲೆ.

ಆ ಹಳದಿ ಫ್ರಾಕು ತನ್ನದೇ ಎಂದು ಮಗಳಿಗೆ ನಾನು ಹೇಳಬೇಕಾಗಿ ಬರಲಿಲ್ಲ. ಆಮೇಲೆ ಅವಳು ಹೇಳಿದ್ದು ನನಗೆ ಈವರೆಗೆ ಗೊತ್ತಿರದ ಸಂಗತಿ. ಅವಳಿಗೆ ಚಿಕ್ಕಂದಿನ ಒಂದು ನೆನಪಿದೆಯಂತೆ. ಎಲ್ಲಿ, ಯಾವಾಗ ಒಂದೂ ನೆನಪಿಲ್ಲ, ಕತ್ತಲೆ ಕತ್ತಲೆಯ ಜಾಗ. “ಅಪ್ಪ ನನ್ನನ್ನ ಕಾಲಲ್ಲಿ ಒದ್ದು ಆಚೆ ತಳ್ಳಿದ್ರು. ಯಾಕೆ ಅಂತ ಗೊತ್ತಿಲ್ಲ. ನಾನು ಯಾರ ಹತ್ರಾನೂ ಹೇಳಿರಲಿಲ್ಲ,” ಎಂದಳು. ಎರಡು ಕೈಯಲ್ಲೂ ಉರಿಯುವ ದೀಪ ಹಿಡಿದವನಿಗೆ ಮಗುವನ್ನು ದೂರ ತಳ್ಳಲು ಉಳಿದದ್ದು ಕಾಲೊಂದೇ. ಅವಳು ನಿಮ್ಮ ಊರಿಗೆ ಬಂದಾಗಲೆಲ್ಲ ಎರಡನೆಯ ದಿನವೇ ಯಾಕೆ ವಾಪಸು ಹೊರಡುತ್ತಿದ್ದಳು ಎಂದು ನೀವು ಯಾವತ್ತಾದರೂ ಯೋಚಿಸಿದ್ದರೆ, ಅದಕ್ಕೆ ಉತ್ತರ ಇದು. ಅವಳು ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ, ಹೊಸ ಕನ್ನಡಕ ಒದ್ದೆಯಾಯಿತು.

ಅತ್ತು ಮುಗಿದ ಮೇಲೆ ಅವಳು ಕೇಳಿದ್ದು ಒಂದೇ. ಇಷ್ಟು ಸ್ಪಷ್ಟವಾಗಿ ಇರುವುದು ಅವತ್ತು ಯಾರಿಗೂ ಯಾಕೆ ಕಾಣಲಿಲ್ಲ?

ಕಾಣಲಿಲ್ಲ, ಏಕೆಂದರೆ ಯಾವ ಮನೆಯ ಟೀವಿಯೂ ಆ ಪಟ್ಟಿಯನ್ನು ತೋರಿಸುತ್ತಿರಲಿಲ್ಲ. ಆ ಕಾಲದ ಟೀವಿಗಳಲ್ಲಿ ಚಿತ್ರ ಒಂದೇ ಅಳತೆಗೆ ನಿಲ್ಲುತ್ತಿರಲಿಲ್ಲ. ಕರೆಂಟು ಇಳಿದರೆ ಕುಗ್ಗುತ್ತಿತ್ತು, ಪೆಟ್ಟಿಗೆ ಹಳತಾದರೂ ಕುಗ್ಗುತ್ತಿತ್ತು. ಸುತ್ತ ಕಪ್ಪು ಅಂಚು ಕಂಡರೆ ಕೊಂಡವರು ಅಂಗಡಿಯವನ ಕೊರಳಪಟ್ಟಿ ಹಿಡಿಯುವುದಿಲ್ಲವೇ? ಅದಕ್ಕೆ ತಯಾರಿಸುವವರು ಚಿತ್ರವನ್ನು ಮೊದಲೇ ಚೌಕಟ್ಟಿಗಿಂತ ದೊಡ್ಡದಾಗಿಸಿ, ನಾಲ್ಕೂ ಕಡೆ ಒಂದಿಷ್ಟು ಚೌಕಟ್ಟಿನ ಹಿಂದೆ ಅಡಗುವಂತೆ ಮಾಡಿಬಿಟ್ಟರು. ನಾವು ಕಳಿಸುತ್ತಿದ್ದೆವು, ಜನರ ಮನೆಗೂ ತಲುಪುತ್ತಿತ್ತು, ಕಾಣುತ್ತಿರಲಿಲ್ಲ ಅಷ್ಟೆ. ಅದಕ್ಕೇ ನೀವು ಕಣ್ಣಿಟ್ಟು ನೋಡುವ ನಿಮ್ಮ ವ್ಯೂಫೈಂಡರಿನ ಗಾಜಿನ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ಒಳಚೌಕ ಬರೆದುಕೊಂಡು, ಮುಖ್ಯವಾದದ್ದೆಲ್ಲ ಅದರೊಳಗೇ ಇರಲಿ ಎನ್ನುತ್ತಿದ್ದಿರಿ. ಟೇಪಿನಲ್ಲಿ ಮಾತ್ರ ಅಂಚು ಪೂರ್ತಿ ಉಳಿದಿದೆ. ಈಗ ಕಂಪ್ಯೂಟರು ಅಂಚಿನವರೆಗೂ ತೋರಿಸುತ್ತದೆ. ಇಪ್ಪತ್ತಾರು ವರ್ಷ ನಾನು ಅರಿಯದೆ ಇದ್ದದ್ದನ್ನು ಹೀಗೆ ಮೊನ್ನೆ ಶನಿವಾರ ಮಗಳ ಬೆರಳು ತೋರಿಸಿತು.

ಆವತ್ತಿನ ವಿಚಾರಣೆ ನೆನಪಿಸಿಕೊಳ್ಳಿ. ಮುಖ್ಯಸ್ಥರ ಕೋಣೆ, ಅದರ ಮೂಲೆಯಲ್ಲಿ ದೊಡ್ಡ ಮನೆ ಟೀವಿ. ತಕರಾರು ಏನೇ ಇರಲಿ, ಅದನ್ನು ಮನೆ ಟೀವಿಯಲ್ಲೇ ನೋಡಿ ತೀರ್ಮಾನ ಮಾಡಬೇಕು ಎಂಬುದು ನಮ್ಮ ಕೇಂದ್ರದ ಪದ್ಧತಿ. “ಜನ ಏನು ನೋಡಿದ್ರೋ ಅದೇ ನಿಜ,” ಎನ್ನುತ್ತಿದ್ದರು ಮುಖ್ಯಸ್ಥರು. ಅದರ ಬಗ್ಗೆ ನಮಗೆಲ್ಲ ಹೆಮ್ಮೆಯೂ ಇತ್ತು. ಟೇಪನ್ನು ಒಂಬತ್ತು ಸಲ ಓಡಿಸಿದರು. ಒಂಬತ್ತು ಸಲವೂ ಸ್ಟ್ಯಾಂಡು ಇಲ್ಲ, ಮಗು ಇಲ್ಲ, ಕೈ ಇಲ್ಲ, ಮಂತ್ರಿಗಳ ತಲೆ ಮಾತ್ರ ಜಾರಿತು. ಸ್ಟುಡಿಯೋದಲ್ಲಿದ್ದವರಾದರೂ ಏನು ನೋಡಿಯಾರು? ಬೆಳಕಿನಲ್ಲಿ ಕೂತ ಮಂತ್ರಿಗಳಿಗೂ ಸಂದರ್ಶಕರಿಗೂ ಆಚೆಗಿನದೆಲ್ಲ ಬರೀ ಕತ್ತಲೆ. ಇನ್ನೊಬ್ಬ ಕ್ಯಾಮೆರಾದವನು ತನ್ನ ವ್ಯೂಫೈಂಡರಿನಲ್ಲಿ ಕಣ್ಣು ನೆಟ್ಟಿದ್ದ. ದೀಪ ಬಿದ್ದಿದ್ದರೆ ಸದ್ದಾಗುತ್ತಿತ್ತು, ನೀವು ಬೀಳಲು ಬಿಡಲಿಲ್ಲ. ಏನಾಯಿತು ಎಂದು ಕೇಳಿದಾಗ, “ಕೈ ತಪ್ತು ಸಾರ್,” ಎಂದಿರಿ. ಅಷ್ಟೇ. ಆಮೇಲೆ ನನ್ನನ್ನು ಕರೆದು ಉಪಕರಣದಲ್ಲಿ ದೋಷವಿತ್ತೇ ಎಂದರು. ಇರಲಿಲ್ಲ ಎಂದೆ. ನಿಮ್ಮ ಪಕ್ಕದಲ್ಲೇ ನಿಂತು ಹೇಳಿದೆ. ನಿಮ್ಮನ್ನು ಸ್ಟುಡಿಯೋದಿಂದ ಉಗ್ರಾಣಕ್ಕೆ ಹಾಕಿದರು, ಹನ್ನೆರಡನೆಯ ದಿನ ನೀವು ರಾಜೀನಾಮೆ ಕೊಟ್ಟಿರಿ. ಮನೆಯಲ್ಲಿ ನಾನು ನಿಮ್ಮನ್ನು ಬೇಜವಾಬ್ದಾರಿ ಮನುಷ್ಯ ಎಂದು ಬೈದೆ, ಒಂದು ಸಲವಲ್ಲ, ಹತ್ತು ಸಲ. ಮುಂದಿನ ವರ್ಷ ನಿಮ್ಮಣ್ಣನ ಫೋಟೋ ಅಂಗಡಿ ನೋಡಿಕೊಳ್ಳಲು ಆರು ತಿಂಗಳ ಮಟ್ಟಿಗೆ ಎಂದು ಹೋದವರು ನೀವು ಮತ್ತೆ ಬರಲಿಲ್ಲ. ಬನ್ನಿ ಎಂದು ನಾನೂ ಕರೆಯಲಿಲ್ಲ.

ಈಗ ನನ್ನ ಪಾಲಿನದನ್ನು ಹೇಳಬೇಕು. ಮಗುವನ್ನು ಕೆಲಸದ ಜಾಗಕ್ಕೆ ತರಬಾರದು ಎಂಬ ನಿಯಮವಿತ್ತು. ಆವತ್ತು ಅವಳಿಗೆ ಶಾಲೆಯಿರಲಿಲ್ಲ, ನೋಡಿಕೊಳ್ಳುವ ಪಕ್ಕದ ಮನೆಯಾಕೆಗೆ ಜ್ವರ. ನಾನೇ ಕರೆತಂದು, ಮೇಕಪ್ ಕೋಣೆಯಲ್ಲಿ ಬಣ್ಣದ ಪೆನ್ಸಿಲು ಕೊಟ್ಟು ಕೂರಿಸಿದ್ದೆ. ಅವಳು ಅಲ್ಲಿಂದ ಎದ್ದು ಅಪ್ಪನನ್ನು ಹುಡುಕಿಕೊಂಡು ಬಂದು, ಕತ್ತಲಲ್ಲಿ ಸ್ಟ್ಯಾಂಡಿಗೆ ತಾಗಿರಬೇಕು. ಇನ್ನೊಂದೂ ಇದೆ. ಯಾರಾದರೂ ತಾಗಿದರೂ ವಾಲದಂತೆ ಆ ಸ್ಟ್ಯಾಂಡಿನ ಕಾಲಿನ ಮೇಲೆ ಮರಳಿನ ಚೀಲ ಇರಬೇಕಿತ್ತು. ನೆಲದ ಮೇಲೆ ಹಾದಿದ್ದ ಕೇಬಲು ಎದ್ದು ಎದ್ದು ಬರುತ್ತಿತ್ತೆಂದು ಬೆಳಿಗ್ಗೆ ಆ ಚೀಲ ಎತ್ತಿ ಕೇಬಲಿನ ಮೇಲೆ ಇಟ್ಟವಳು ನಾನು. ವಾಪಸು ಇಡುತ್ತೇನೆ ಎಂದುಕೊಂಡೆ, ಮರೆತೆ. ಹಾಗಾಗಿ ಉಪಕರಣದಲ್ಲಿ ದೋಷವಿರಲಿಲ್ಲ ಎಂಬ ನನ್ನ ಮಾತು ಅಡ್ಡಗೋಡೆಯ ಮೇಲಿಟ್ಟ ದೀಪ. ಕ್ಯಾಮೆರಾ ಸರಿಯಿತ್ತು, ಅದು ನಿಜ. ಅವರು ಕೇಳಿದ್ದೂ ಅಷ್ಟೇ.

ಇದೆಲ್ಲ ನಿಮಗೆ ಆ ದಿನವೇ ಗೊತ್ತಿತ್ತು. ಬರಿಗಾಲಿನ ಸ್ಟ್ಯಾಂಡನ್ನು ಕೈಯಲ್ಲಿ ಹಿಡಿದು ನಿಂತವರು ನೀವು. ಮಗು ಯಾರ ಜೊತೆ ಬಂತೆಂದೂ ಗೊತ್ತಿತ್ತು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ನಿಮ್ಮ ಕ್ಯಾಮೆರಾ ನಿಮಗೆ ಉಳಿಯುತ್ತಿತ್ತು. ನನ್ನ ಪ್ರಶ್ನೆ ಅದೇ. ಯಾಕೆ ಹೇಳಲಿಲ್ಲ? ಮುಖ್ಯಸ್ಥರಿಗೆ ಬೇಡ, ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನನಗಾದರೂ ಯಾಕೆ ಹೇಳಲಿಲ್ಲ? ನಾನು ಅಷ್ಟು ಬೈಯುವಾಗಲೂ ಮಗುವಿನ ಬಟ್ಟೆ ಮಡಚುತ್ತ ಕೂತಿರುತ್ತಿದ್ದಿರಲ್ಲ, ಯಾಕೆ?

ಈಗ ಒಪ್ಪಿಗೆ. ಕಾರ್ಯಕ್ರಮದ ನಿರ್ಮಾಪಕಿ ಕೆಟ್ಟವಳಲ್ಲ, ಗೊತ್ತಿಲ್ಲದವಳು. ಹಳೆಯ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು, ಈಗಿನ ಪರದೆ ಹದಿನಾರಕ್ಕೆ ಒಂಬತ್ತರ ಅಗಲದ್ದು. ಹಾಗೇ ಕೂರಿಸಿದರೆ ಎರಡು ಬದಿಗೂ ಕಪ್ಪು ಉಳಿಯುತ್ತದೆ. ಅದು ಚಂದ ಕಾಣುವುದಿಲ್ಲ ಎಂದು ಚಿತ್ರವನ್ನು ಹಿಗ್ಗಿಸಿ, ಮೇಲೆ ಕೆಳಗೆ ಕತ್ತರಿಸುತ್ತಾರೆ. “ಹಳೇ ಟೇಪಿನ ಅಂಚಲ್ಲಿ ಬರೀ ಗಲೀಜಿರುತ್ತೆ ಮೇಡಂ, ಅದಕ್ಕೆ ಬದೀನೂ ಸ್ವಲ್ಪ ಕತ್ತರಿಸ್ತೀವಿ,” ಎಂದಳು. ಅಂದರೆ ನಿಮ್ಮ ಕೈ ಎರಡನೆಯ ಸಲವೂ ಯಾರಿಗೂ ಕಾಣದೆ ಹೋಗುತ್ತದೆ, ಮೇಲೆ ಗೊರಕೆ ಬೇರೆ. ಇದು ನನ್ನಿಂದ ಆಗುವುದಿಲ್ಲ. ನೀವು ಹೂಂ ಎಂದರೆ ಇಡೀ ಚಿತ್ರವನ್ನು, ಬದಿಯ ಕಪ್ಪು ಪಟ್ಟಿ ಸಮೇತ, ಫೀಲ್ಡ್ ಫೀಲ್ಡಾಗಿ ನಿಧಾನಕ್ಕೆ ಓಡಿಸಿ ತೋರಿಸುವಂತೆ ಮಾಡುತ್ತೇನೆ. ಮರಳಿನ ಚೀಲದ ಮಾತನ್ನೂ ಹೇಳುತ್ತೇನೆ. ಮೂವತ್ತು ಚಿಲ್ಲರೆ ವರ್ಷ ಒಂದು ತಪ್ಪೂ ಮಾಡದ ಮೇಡಂ ಎಂದು ಬೀಳ್ಕೊಡುಗೆಯಲ್ಲಿ ಹೊಗಳಲು ಭಾಷಣ ಬರೆದಿಟ್ಟಿದ್ದಾರಂತೆ, ಅದನ್ನು ಹರಿದು ಹಾಕಲಿ. ನೀವು ಬೇಡ ಎಂದರೆ ಆ ಮೂರು ಸೆಕೆಂಡನ್ನು ಕಾರ್ಯಕ್ರಮದಿಂದಲೇ ತೆಗೆಸುತ್ತೇನೆ. ಯಾವುದಾದರೂ ಸರಿ, ಮುಂದಿನ ವಾರದ ಬುಧವಾರದ ಒಳಗೆ ಒಂದು ಸಾಲು ಬರೆಯಿರಿ, ಅಥವಾ ಮಗಳಿಗೆ ಫೋನು ಮಾಡಿ.

ಅಂಗಡಿಯಲ್ಲಿ ದಿನವಿಡೀ ನಿಲ್ಲುತ್ತೀರಂತೆ, ಕಾಲು ಊದುತ್ತದಂತೆ, ಮಗಳು ಹೇಳಿದಳು. ಒಂದು ಎತ್ತರದ ಸ್ಟೂಲು ಇಟ್ಟುಕೊಳ್ಳಿ.

ಇಂತಿ,
ನಿಮ್ಮ ಉತ್ತರಕ್ಕೆ ಕಾದಿರುವ
ಇಂಜಿನಿಯರಮ್ಮ

ಮತ್ತೆ:

ಇವತ್ತು ಗುರುವಾರ. ಮೇಲಿನದಕ್ಕೆ ಸಹಿ ಹಾಕಿ ಎರಡು ದಿನವಾದರೂ ಲಕೋಟೆ ನನ್ನ ಚೀಲದಲ್ಲೇ ಇತ್ತು. ಅಂಚೆ ಡಬ್ಬಿಯ ಮುಂದೆ ನಾಲ್ಕು ಸಲ ಹಾದುಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆಯಾಯಿತು ನನ್ನದು. ಇಡೀ ಪತ್ರವನ್ನು ಹರಿದು ಹೊಸದಾಗಿ ಬರೆಯಬಹುದಿತ್ತು. ಬೇಡ, ನಾನು ಎಷ್ಟು ಸಲೀಸಾಗಿ ಸುಳ್ಳು ಬರೆಯಬಲ್ಲೆ ಎಂದು ನಿಮಗೂ ಕಾಣಲಿ ಎಂದು ಹಾಗೇ ಬಿಟ್ಟಿದ್ದೇನೆ.

ಯಾವ ಮನೆಯ ಟೀವಿಯೂ ಆ ಪಟ್ಟಿಯನ್ನು ತೋರಿಸುತ್ತಿರಲಿಲ್ಲ ಎಂದು ಬರೆದೆ. ಅದು ನಿಜ. ಇಪ್ಪತ್ತಾರು ವರ್ಷ ನಾನು ಅರಿಯದೆ ಇದ್ದೆ ಎಂದು ಬರೆದೆ. ಅದು ನಿಜವಲ್ಲ. ಕಂಟ್ರೋಲ್ ರೂಮಿನಲ್ಲಿ ನನ್ನ ಮೇಜಿನ ಮೇಲಿದ್ದದ್ದು ಮನೆ ಟೀವಿಯಲ್ಲ, ಇಂಜಿನಿಯರುಗಳ ಟೀವಿ. ಅದರಲ್ಲೊಂದು ಗುಂಡಿ ಇತ್ತು. ಒತ್ತಿದರೆ ಚಿತ್ರ ಸ್ವಲ್ಪ ಕುಗ್ಗಿ ನಾಲ್ಕೂ ಅಂಚು ಕಾಣುತ್ತಿದ್ದವು, ಇನ್ನೊಮ್ಮೆ ಒತ್ತಿದರೆ ಮನೆ ಟೀವಿಯಂತೆ ಮರೆಯಾಗುತ್ತಿದ್ದವು. ನೇರಪ್ರಸಾರದ ಹೊತ್ತಿನಲ್ಲಿ ಅದನ್ನು ಒತ್ತಿಯೇ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಸ್ಟ್ಯಾಂಡು ಬಾಗಿದ್ದು, ಹಳದಿ ಫ್ರಾಕು, ನಿಮ್ಮ ಕೈ, ಎಲ್ಲವೂ ನನಗೆ ಆ ಗಳಿಗೆಯಲ್ಲೇ ಕಂಡಿತು. ಆ ವಿಭಾಗಕ್ಕೆ ಬಂದ ಮೊದಲ ಹೆಂಗಸು ನಾನು, ವರ್ಷಗಟ್ಟಲೆ ಹಂಗಾಮಿಯಾಗಿದ್ದ ಕೆಲಸ ಕಾಯಮ್ಮಾಗಲು ಇನ್ನೊಂದು ತಿಂಗಳಿತ್ತು. ಹೆಂಗಸರನ್ನು ತೆಗೆದುಕೊಂಡರೆ ಮಕ್ಕಳನ್ನು ಹೊತ್ತುಕೊಂಡು ಬರುತ್ತಾರೆ ಎಂದು ಆಡಿಕೊಳ್ಳಲು ಕಾದು ಕೂತಿದ್ದವರು ಎಷ್ಟು ಜನ ಎಂದು ನಿಮಗೆ ಗೊತ್ತು. ಅದಕ್ಕೇ ನೀವು ಬಾಯಿ ಬಿಡಲಿಲ್ಲ ಎಂಬುದೂ ನನಗೆ ಗೊತ್ತು. ಯಾಕೆ ಹೇಳಲಿಲ್ಲ ಎಂದು ಮೇಲೆ ಮೂರು ಸಲ ಕೇಳಿದ್ದೇನೆ, ಅದಕ್ಕೆ ಉತ್ತರ ಬೇಡ. ಮನೆಯಲ್ಲಿ ನಿಮ್ಮನ್ನು ಬೇಜವಾಬ್ದಾರಿ ಎಂದು ಬೈದದ್ದು ಸಿಟ್ಟಿಗಲ್ಲ. ನಿಮ್ಮ ಮುಖ ನೋಡಿದರೆ ನನಗೆ ನನ್ನ ಸುಳ್ಳೇ ಕಾಣುತ್ತಿತ್ತು, ಆ ಮುಖ ಕಣ್ಣಮುಂದಿನಿಂದ ಹೋದರೆ ಸಾಕು ಎನಿಸಿತ್ತು. ಹೋದ ಮೇಲೆ ಒಂದು ದಿನವೂ ಸಾಕು ಎನಿಸಲಿಲ್ಲ.

ಮಗಳಿಗೆ ನಿನ್ನೆ ಹೇಳಿದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಶನಿವಾರ ನಿಮ್ಮಲ್ಲಿಗೆ ಬರುತ್ತಿದ್ದಾಳೆ, ಒಂದು ವಾರ ಇರುತ್ತಾಳಂತೆ. ನಿಮ್ಮ ಕೈಯನ್ನು ತೋರಿಸಲು ನಿಮ್ಮ ಒಪ್ಪಿಗೆ ಬೇಕು, ಅದಕ್ಕೆ ಕಾಯುತ್ತೇನೆ. ನನ್ನ ತಪ್ಪು ಹೇಳಲು ಯಾರ ಒಪ್ಪಿಗೆಯೂ ಬೇಡ. ಇವತ್ತು ಬೆಳಿಗ್ಗೆ ಎಲ್ಲ ಬರೆದು ಸಹಿ ಮಾಡಿ ಕೇಂದ್ರಕ್ಕೆ ಕೊಟ್ಟಿದ್ದೇನೆ, ಕೊನೆಯ ಸಾಲನ್ನೂ ಸೇರಿಸಿ. ಆ ಸಾಲು ನಿಮಗೂ ಗೊತ್ತಿರಲಿ. ಆವತ್ತು ಪ್ರಸಾರ ಮುಗಿದ ಐದು ನಿಮಿಷಕ್ಕೆ, ಪದ್ಧತಿ ಬಿಟ್ಟು ಟೇಪನ್ನು ಇಂಜಿನಿಯರುಗಳ ಟೀವಿಯಲ್ಲೂ ಒಮ್ಮೆ ನೋಡೋಣ ಎಂದು ಮುಖ್ಯಸ್ಥರು ನೇರವಾಗಿ ನನ್ನ ಕೋಣೆಗೇ ಬಂದರು. ಅವರ ಹೆಜ್ಜೆಯ ಸದ್ದು ಕೇಳಿಸಿದ ಕೂಡಲೇ ಆ ಗುಂಡಿಯನ್ನು ಮತ್ತೆ ಒತ್ತಿ, ಅಂಚನ್ನು ಮುಚ್ಚಿ, ಅವರಿಗೆ ಕುರ್ಚಿ ಹಾಕಿಕೊಟ್ಟವಳು ನಾನು.